ತವರಿಗೆ ಹೊರಡುವ ಮೊದಲೇ ಮಾತೃವಂದನಾ ಅರ್ಜಿ ಹಾಕಿ

ನಮ್ಮ ಕಡೆ ಕುಬಸ (ಸೀಮಂತ) ಮುಗಿಸಿಕೊಂಡು ಬಸುರಿ ತವರಿಗೆ ಹೋಗುವುದು ಏಳನೇ ತಿಂಗಳ ಹೊತ್ತಿಗೆ. ಬಸುರಿ-ಬಾಣಂತಿಯರಿಗೆ ಕೇಂದ್ರ ಸರ್ಕಾರ ಹಣ ಕೊಡುವ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಅರ್ಜಿ ನೆನಪಾಗುವುದು ಬಾಣಂತನದಲ್ಲಿ. ಅಷ್ಟರಲ್ಲಿ ತಾಯಿ ಕಾರ್ಡ್ ಹಾವೇರಿಯದು, ಹೆರಿಗೆ ಹುಬ್ಬಳ್ಳಿಯಲ್ಲಿ, ಚುಚ್ಚುಮದ್ದು ಗದಗಿನಲ್ಲಿ ಎಂಬಂತಾಗಿರುತ್ತದೆ. ಅದಕ್ಕೇ ಗಂಡನ ಊರಿನ ಅಂಗನವಾಡಿಯಲ್ಲಿ ಮೊದಲೇ ಹೆಸರು ಬರೆಸಿ.

ಮೊದಲ ಮಗುವಿಗೆ 5,000 ರೂಪಾಯಿ, ಎರಡು ಕಂತು. ಕೊನೆಯ ಮುಟ್ಟಿನಿಂದ ಆರು ತಿಂಗಳೊಳಗೆ ನೋಂದಣಿಯಾಗಿ ಒಂದು ತಪಾಸಣೆಯಾದರೂ ಆಗಿದ್ದರೆ 3,000. ಜನನ ನೋಂದಣಿಯಾಗಿ 14ನೇ ವಾರದ ಲಸಿಕೆ ಮುಗಿದರೆ 2,000. ಎರಡನೆಯ ಮಗು ಹೆಣ್ಣಾದರೆ ಒಂದೇ ಸಲಕ್ಕೆ 6,000. ಆದರೆ ಬಸುರಿಯಿದ್ದಾಗಲೇ ನೋಂದಣಿ ಕಡ್ಡಾಯ, 'ಹೆಣ್ಣಾದ್ರ ನೋಡೂಣು' ಅಂದರೆ ನಡೆಯುವುದಿಲ್ಲ. ಬಿಪಿಎಲ್ ಕಾರ್ಡ್, ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್, ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ಇಲ್ಲವೇ ವರ್ಷಕ್ಕೆ 8 ಲಕ್ಷದೊಳಗಿನ ಆದಾಯ ಪ್ರಮಾಣಪತ್ರ, ಯಾವುದಾದರೂ ಒಂದು ಸಾಕು. ಕಾಯಂ ಸರ್ಕಾರಿ ನೌಕರರಿಗೆ ಇಲ್ಲ.

ಹಣ ಸಿಕ್ಕಿಬೀಳುವುದು ಹೆಚ್ಚಾಗಿ ಬ್ಯಾಂಕಿನಲ್ಲಿ. 'ಆಧಾರ್ ಲಿಂಕ್ ಆಗೇತ್ರಿ' ಅಂತ ಕೌಂಟರಿನಲ್ಲಿ ಹೇಳಿದರೆ ಅದು ಬರೀ ಕೆವೈಸಿ (ಗುರುತಿನ ದಾಖಲೆ) ಇರಬಹುದು. ಸರ್ಕಾರದ ದುಡ್ಡು ಹೋಗುವುದು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್, ಅಂದರೆ ಯಾವ ಆಧಾರ್‌ಗೆ ಯಾವ ಬ್ಯಾಂಕು ಎಂಬ ದಾಖಲೆ ನೋಡಿಕೊಂಡು. ಒಂದು ಆಧಾರ್‌ಗೆ ಒಂದೇ ಖಾತೆ, ಅದೂ ಎಲ್ಲಕ್ಕಿಂತ ಕಡೆಗೆ ಸೀಡ್ ಮಾಡಿಸಿದ್ದು (ಆಧಾರ್‌ಗೆ ಜೋಡಿಸಿದ್ದು). ಮೊಬೈಲ್ ಅಂಗಡಿಯಲ್ಲಿ ಎಂದೋ ತೆರೆದು ಮರೆತ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಮ್ಯಾಪಿಂಗ್ ಹೋಗಿದ್ದರೆ ಹಣ ಸದ್ದಿಲ್ಲದೆ ಅಲ್ಲಿ ಕೂತಿರುತ್ತದೆ. ಮೈ ಆಧಾರ್ ಜಾಲತಾಣದಲ್ಲಿ ಒಟಿಪಿ ಕೊಟ್ಟು ಒಳಹೋದರೆ ಬ್ಯಾಂಕ್ ಸೀಡಿಂಗ್ ಸ್ಟೇಟಸ್‌ನಲ್ಲಿ ಯಾವ ಬ್ಯಾಂಕು ಎಂದು ಕಾಣುತ್ತದೆ. ಗೃಹಲಕ್ಷ್ಮಿ ಬರುತ್ತಿದೆಯಲ್ಲ ಎಂದು ನಂಬಿ ಕೂರಬೇಡಿ, ಅನೇಕ ಮನೆಗಳಲ್ಲಿ ಅದು ಬರುವುದು ಅತ್ತೆಯ ಖಾತೆಗೆ. ಇಲ್ಲಿ ಬೇಕಿರುವುದು ತಾಯಿಯದೇ ಖಾತೆ, ಗಂಡನದು ನಡೆಯದು. ಖಾತೆಯೇ ಇಲ್ಲವಾದರೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕಿನಲ್ಲಿ ತೆರೆಯಬಹುದು.

ಹೆಸರಿನದು ಇನ್ನೊಂದು ತಕರಾರು. ಆಧಾರ್‌ನಲ್ಲಿ ತವರಿನ ಅಡ್ಡಹೆಸರು, ತಾಯಿ ಕಾರ್ಡಿನಲ್ಲಿ ಗಂಡನ ಮನೆಯದು. ಅರ್ಜಿಯಲ್ಲಿ ಆಧಾರ್‌ನಲ್ಲಿ ಇದ್ದಂತೆಯೇ ಬರೆಸಿ. ತಿದ್ದುಪಡಿ ಬೇಕಿದ್ದರೆ ಕಂತುಗಳು ಬಂದ ಮೇಲೆ ಮಾಡಿಸಿ.

ಜನನ ನೋಂದಣಿ ಹೆರಿಗೆಯಾದ ಊರಿನಲ್ಲೇ, 21 ದಿನದೊಳಗೆ. ಹುಬ್ಬಳ್ಳಿಯಲ್ಲಿ ಹೆರಿಗೆಯಾದದ್ದಕ್ಕೆ ಗದಗಿನಲ್ಲಿ ಓಡಾಡಿ ಫಲವಿಲ್ಲ. 6, 10, 14ನೇ ವಾರದ ಲಸಿಕೆ ಎಲ್ಲಿ ಹಾಕಿಸಿದರೂ ಆದೀತು. ಖಾಸಗಿ ದವಾಖಾನೆಯವರು ತಮ್ಮದೇ ಪುಸ್ತಕದಲ್ಲಿ ಬರೆದುಕೊಟ್ಟಿದ್ದರೆ, ಆ ತಾರೀಖುಗಳನ್ನು ಆಶಾ ಕಾರ್ಯಕರ್ತೆಯಿಂದ ತಾಯಿ ಕಾರ್ಡಿಗೆ ಏರಿಸಿಕೊಳ್ಳಿ.