ಕಚ್ಚಿದ ಗಾಯಕ್ಕೆ ಹೊಲಿಗೆ ಏಕೆ ಹಾಕಲಿಲ್ಲ?

ಸಾಕುಪ್ರಾಣಿ ಇನ್ನೊಂದು ಪ್ರಾಣಿಯಿಂದ ಕಚ್ಚಿಸಿಕೊಂಡಾಗ ನಾವು ಗಾಯದ ಗಂಭೀರತೆಯನ್ನು ಸುರಿದ ರಕ್ತದಿಂದ ಅಳೆಯುತ್ತೇವೆ. ಕೂದಲಿನ ನಡುವೆ ಎರಡು ಸಣ್ಣ ತೂತುಗಳಷ್ಟೇ ಕಂಡರೆ ಮನಸ್ಸು ನಿರಾಳವಾಗುತ್ತದೆ. ಆದರೆ ಪಶುವೈದ್ಯರನ್ನು ಹೆಚ್ಚು ಚಿಂತೆಗೀಡುಮಾಡುವುದು ಈ ಸಣ್ಣ ತೂತುಗಳೇ. ನಾಯಿ, ಬೆಕ್ಕುಗಳ ಚರ್ಮ ಸಡಿಲವಾಗಿರುವುದರಿಂದ ಕೋರೆಹಲ್ಲು ಎಳೆದತ್ತ ಅದು ಸರಿಯುತ್ತದೆ. ಹಾಗೆ ಸರಿಯಲಾರದ ಒಳಗಿನ ಸ್ನಾಯು ಹರಿಯುತ್ತದೆ, ಚರ್ಮವು ಸ್ನಾಯುವಿನಿಂದ ಬಿಟ್ಟುಕೊಂಡು ನಡುವೆ ಟೊಳ್ಳು ಉಂಟಾಗುತ್ತದೆ. ದೊಡ್ಡ ನಾಯಿಯು ಚಿಕ್ಕದನ್ನು ಕಚ್ಚಿ ಹಿಡಿದು ಒದರಿದ್ದರೆ, ಹೊರಗೆ ಹೇಳಿಕೊಳ್ಳುವಂಥ ಗಾಯವಿಲ್ಲದಿದ್ದರೂ ಪಕ್ಕೆಲುಬು ಮುರಿದಿರಬಹುದು, ಕರುಳಿಗೆ ಪೆಟ್ಟಾಗಿರಬಹುದು. ಆದ್ದರಿಂದ ಎದೆ ಅಥವಾ ಹೊಟ್ಟೆಯ ಭಾಗದಲ್ಲಿ ಕಚ್ಚಿದ್ದರೆ ಎಕ್ಸ್-ರೇ, ಸ್ಕ್ಯಾನಿಂಗ್ ಮಾಡಿಸಿ ಎಂದು ವೈದ್ಯರು ಹೇಳುವುದು ಅತಿಯಾದ ಎಚ್ಚರಿಕೆಯೇನಲ್ಲ. ವಸಡು ಬಿಳಿಚಿಕೊಂಡಿದ್ದರೆ ಅಥವಾ ಉಸಿರಾಟ ಕಷ್ಟವಾಗಿದ್ದರೆ ಒಂದು ಗಂಟೆಯನ್ನೂ ಕಾಯಬಾರದು.

ಬೆಕ್ಕಿನ ಕಡಿತದ ರೀತಿಯೇ ಬೇರೆ. ಅದರ ಹಲ್ಲು ಸೂಜಿಯಂತೆ ಒಳಹೊಕ್ಕು, ಬಾಯಲ್ಲಿ ಸಹಜವಾಗಿಯೇ ಇರುವ ಪಾಶ್ಚುರೆಲ್ಲಾದಂಥ ಬ್ಯಾಕ್ಟೀರಿಯಾಗಳನ್ನು ಆಳದಲ್ಲಿ ಬಿಟ್ಟು ಬರುತ್ತದೆ. ಮೇಲಿನ ಚರ್ಮ ಬೇಗನೆ ಕೂಡಿಕೊಳ್ಳುವುದರಿಂದ ಗಾಯ ವಾಸಿಯಾಯಿತೆಂದೇ ಎಲ್ಲರೂ ಭಾವಿಸುತ್ತಾರೆ. ಎರಡರಿಂದ ಐದು ದಿನಗಳಲ್ಲಿ ಅದೇ ಜಾಗ ಊದಿಕೊಂಡು, ಮುಟ್ಟಿದರೆ ಬಿಸಿಯಾಗಿ, ಬೆಕ್ಕು ಊಟ ಬಿಟ್ಟು ಮೂಲೆ ಸೇರಿದಾಗಲೇ ಒಳಗೆ ಕೀವು ತುಂಬಿರುವುದು ಗೊತ್ತಾಗುವುದು.

ಚಿಕಿತ್ಸೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ತೊಳೆಯುವ ಕೆಲಸ. ಸುತ್ತಲಿನ ಕೂದಲನ್ನು ಅಗಲವಾಗಿ ಬೋಳಿಸಿ (ಎಷ್ಟೋ ಬಾರಿ ಆಗಲೇ ಇನ್ನೂ ನಾಲ್ಕಾರು ಹಲ್ಲಿನ ಗುರುತುಗಳು ಹೊರಬೀಳುತ್ತವೆ), ಅಗತ್ಯವಿದ್ದರೆ ಅರಿವಳಿಕೆ ಕೊಟ್ಟು, ತೂತನ್ನು ಹಿಗ್ಗಿಸಿ, ಸತ್ತ ಮಾಂಸವನ್ನು ತೆಗೆದು, ಸಲೈನ್‌ನಿಂದ ಧಾರಾಳವಾಗಿ ತೊಳೆಯುತ್ತಾರೆ. ಬಳಿಕ ಹೊಲಿಗೆ ಹಾಕದೆ ಕಳುಹಿಸಿದರೆ ಅನೇಕರು ಅಸಮಾಧಾನಗೊಳ್ಳುತ್ತಾರೆ. ಆದರೆ ಕೊಳೆಯುಳ್ಳ ಗಾಯವನ್ನು ಬಿಗಿಯಾಗಿ ಹೊಲಿದರೆ ಸೋಂಕಿಗೆ ಬಾಗಿಲು ಹಾಕಿ ಒಳಗೇ ಕೂರಿಸಿದಂತಾಗುತ್ತದೆ. ಅದಕ್ಕಾಗಿಯೇ ಕೆಲವನ್ನು ತೆರೆದೇ ಬಿಡುತ್ತಾರೆ, ಕೆಲವನ್ನು ಕೆಲವು ದಿನಗಳ ನಂತರ ಹೊಲಿಯುತ್ತಾರೆ, ಇನ್ನು ಕೆಲವದರಲ್ಲಿ ದ್ರವ ಹೊರಹರಿಯಲೆಂದು ಮೆತ್ತನೆಯ ರಬ್ಬರ್ ಡ್ರೇನ್ ಇಟ್ಟು ಮೂರರಿಂದ ಐದು ದಿನಗಳಲ್ಲಿ ತೆಗೆಯುತ್ತಾರೆ. ಡ್ರೇನ್‌ನಿಂದ ತಿಳಿಗೆಂಪು ನೀರು ಜಿನುಗುವುದು ಸಹಜ. ಅದು ದಪ್ಪಗಾಗಿ ದುರ್ವಾಸನೆ ಬರತೊಡಗಿದರೆ ಸಹಜವಲ್ಲ. ಜಜ್ಜಿಹೋದ ಚರ್ಮ ಕೆಲವು ದಿನಗಳ ನಂತರ ಕಪ್ಪಾಗಿ ಸಾಯುವುದೂ ಉಂಟು. ಮೊದಲ ದಿನ ಚೆನ್ನಾಗಿದ್ದ ಗಾಯ ಆಮೇಲೆ ಕೆಟ್ಟಂತೆ ಕಂಡರೆ ಅದು ವೈದ್ಯರ ನಿರ್ಲಕ್ಷ್ಯವೇ ಆಗಿರಬೇಕೆಂದಿಲ್ಲ, ಆದರೆ ಮತ್ತೆ ತೋರಿಸಲೇಬೇಕು.

ಮನೆಯ ಆರೈಕೆಯಲ್ಲಿ ನಿಜವಾದ ಹೋರಾಟವೆಂದರೆ ಗಾಯ ನೆಕ್ಕದಂತೆ ಕುತ್ತಿಗೆಗೆ ತೊಡಿಸುವ ಶಂಕುವಿನಾಕಾರದ ಕಾಲರ್‌ನದು. ಪ್ರಾಣಿಯ ಪಾಡು ನೋಡಲಾಗದೆ ರಾತ್ರಿ ಅದನ್ನು ಬಿಚ್ಚಿಬಿಡೋಣವೆನಿಸುತ್ತದೆ. ಆದರೆ ನೆಕ್ಕಿ ಹೊಲಿಗೆ ಕೀಳುವುದೂ, ಡ್ರೇನ್ ಎಳೆದುಹಾಕುವುದೂ ಸಾಮಾನ್ಯವಾಗಿ ಯಾರೂ ನೋಡದಿರುವ ಆ ಹೊತ್ತಿನಲ್ಲಿಯೇ. ಹೊಲಿಗೆಯಿದ್ದರೆ ಅದನ್ನು ತೆಗೆಯುವ ಹತ್ತು ಹದಿನಾಲ್ಕು ದಿನಗಳವರೆಗೂ ಕಾಲರ್ ಇರಬೇಕು, ಓಟ ನೆಗೆತ ನಿಲ್ಲಬೇಕು. ಆಂಟಿಬಯಾಟಿಕ್ ಮಾತ್ರೆಗಳನ್ನು ಹೇಳಿದಷ್ಟು ದಿನ ಕೊಡಬೇಕು. ತೆರೆದ ಗಾಯದ ಮೇಲೆ ನೊಣ ಕೂರದಂತೆ ನೋಡಿಕೊಳ್ಳದಿದ್ದರೆ ಹುಳು ಬೀಳುತ್ತದೆ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್‌ಗಳು ಕೂಡಿಕೊಳ್ಳುತ್ತಿರುವ ಜೀವಕೋಶಗಳನ್ನೇ ಸುಡುತ್ತವೆಯಾದ್ದರಿಂದ ಅವು ಬೇಡ. ನೋವಿಗೆಂದು ಮನುಷ್ಯರ ಮಾತ್ರೆಯನ್ನಂತೂ ಕೊಡಲೇಬಾರದು: ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣವನ್ನೇ ತೆಗೆಯಬಲ್ಲದು, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತದೆ.

ಕಚ್ಚಿದ ಪ್ರಾಣಿ ಯಾವುದೆಂದು ತಿಳಿಯದಿದ್ದರೆ, ರೇಬೀಸ್ ಲಸಿಕೆ ಮೊದಲೇ ಆಗಿದ್ದರೂ ತಕ್ಷಣ ಬೂಸ್ಟರ್ ಕೊಡಿಸುವುದು ರೂಢಿ. ಗಾಯ ಮುಟ್ಟುವಾಗ ಕೈಗವಸು ಹಾಕಿಕೊಳ್ಳಬೇಕು, ಏಕೆಂದರೆ ಅಲ್ಲಿ ಅಂಟಿರುವ ಜೊಲ್ಲು ನಮ್ಮ ಕೈಯ ಗೀರಿನ ಮೂಲಕವೂ ಅಪಾಯ ತರಬಹುದು. ನೋವಿನಲ್ಲಿರುವ ಪ್ರಾಣಿ ನಮ್ಮನ್ನೇ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಬೆಕ್ಕುಗಳ ನಡುವಿನ ಜಗಳದಲ್ಲಿ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಫ್‌ಐವಿ ವೈರಸ್ ಕೂಡ ಕಡಿತದಿಂದಲೇ ಹರಡುತ್ತದೆ. ಅದರ ರಕ್ತಪರೀಕ್ಷೆಯನ್ನು ಕಚ್ಚಿದ ಮರುದಿನ ಮಾಡಿಸಿದರೆ ಹೊಸ ಸೋಂಕು ಪತ್ತೆಯಾಗುವುದಿಲ್ಲ; ಸುಮಾರು 60 ದಿನಗಳ ನಂತರ ಮತ್ತೊಮ್ಮೆ ಮಾಡಿಸಬೇಕು.