ಮೊದಲು ಹಡಗಿನ ಕಂತು, ಆಮೇಲೆ ದಾಳ

ಬಾಹ್ಯಾಕಾಶದ ರೋಲ್‌ಪ್ಲೇಯಿಂಗ್ ಕ್ಯಾಂಪೇನ್ (ಪಾತ್ರಗಳಾಗಿ ಮಾತಾಡುತ್ತ ಕೂಟದಿಂದ ಕೂಟಕ್ಕೆ ಮುಂದುವರಿಸುವ ಕಥೆಯಾಟ) ಶುರು ಮಾಡೋಣ ಅಂದ ತಕ್ಷಣ ಮಾತು ದಾಳಕ್ಕೆ ಹೋಗಿ ನಿಲ್ಲುತ್ತದೆ: ಇಪ್ಪತ್ತು ಮುಖದ್ದೋ, ಆರು ಮುಖದ್ದೋ, ನೂರರ ಲೆಕ್ಕವೋ. ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ್ದು ಒಂದಿದೆ. ಹಡಗು ಯಾರದು, ಅದನ್ನು ಓಡಿಸುವ ದುಡ್ಡು ಎಲ್ಲಿಂದ ಬರಬೇಕು? ಮೇಜಿನ ಸುತ್ತ ಕೂತವರಿಗೆ ಈ ಪ್ರಶ್ನೆ ರುಚಿಸುತ್ತದೋ ಬೇಸರ ತರಿಸುತ್ತದೋ ಎಂದು ಗೊತ್ತಾದರೆ ಸಿಸ್ಟಮ್, ಅಂದರೆ ಯಾವ ನಿಯಮಗಳ ಆಟ ಎಂಬುದನ್ನು, ಮುಕ್ಕಾಲು ಪಾಲು ಆರಿಸಿದ ಹಾಗೆ.

ಟ್ರಾವೆಲರ್ ತೆಗೆದುಕೊಳ್ಳಿ. 1977ರಲ್ಲಿ ಬಂದ ಆಟ, ಈಗಲೂ ಹೊಸ ಆವೃತ್ತಿಗಳಲ್ಲಿ ನಡೆಯುತ್ತಿದೆ. ಹಳೆಯ ಕ್ಲಾಸಿಕ್ ಆವೃತ್ತಿಯಲ್ಲಿ 200 ಟನ್ನಿನ ಫ್ರೀ ಟ್ರೇಡರ್ ಹಡಗಿಗೆ 3 ಕೋಟಿ 70 ಲಕ್ಷ 80 ಸಾವಿರ ಕ್ರೆಡಿಟ್. ಸಾಲ 40 ವರ್ಷದ್ದು, ತಿಂಗಳ ಕಂತು ಬೆಲೆಯ 240ನೇ ಒಂದು ಭಾಗ, ಅಂದರೆ 1,54,500. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ನೆಗೆಯುವ ಜಂಪ್‌ಗೆ ಒಂದು ವಾರ, ಬಂದರಿನಲ್ಲಿ ಇಳಿಸಿ ಹೇರಲು ಇನ್ನೊಂದು ವಾರ, ಹೀಗಾಗಿ ತಿಂಗಳಿಗೆ ಎರಡೇ ಟ್ರಿಪ್. ಸರಕಿಗೆ ಇರುವ ಜಾಗ 82 ಟನ್, ಬಾಡಿಗೆ ಟನ್ನಿಗೆ 1,000. ಎರಡೂ ಟ್ರಿಪ್ ಪೂರ್ತಿ ತುಂಬಿದರೆ 1,64,000 ಕೈಗೆ ಬರುತ್ತದೆ. ಕಂತು ಕಟ್ಟಿದ ಮೇಲೆ ಉಳಿಯುವುದು 9,500. ನಾಲ್ವರು ಸಿಬ್ಬಂದಿಯ ಗಾಳಿ, ನೀರು, ಊಟಕ್ಕೇ ಕೋಣೆಗೆ ಟ್ರಿಪ್ಪಿಗೆ 2,000ದಂತೆ ತಿಂಗಳಿಗೆ 16,000 ಬೇಕು. ಇಂಧನ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಸಾಲದ ಮೇಲೆ ಲಾರಿ ಇಳಿಸಿ, ವಾಪಸ್ ಲೋಡ್ ಸಿಗದೆ ಒದ್ದಾಡುವವರ ಪಾಡೇ ಇದು. ಖಾಲಿ ಕೋಣೆಗಳಿಗೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳಬೇಕು, ಅವರಲ್ಲೊಬ್ಬ ಹಡಗನ್ನೇ ಅಪಹರಿಸಲು ಬಂದವನಿರಬಹುದು. ಶುದ್ಧ ಇಂಧನಕ್ಕೆ ಟನ್ನಿಗೆ 500 ತೆರುವ ಬದಲು ಅನಿಲದ ದೈತ್ಯ ಗ್ರಹದಿಂದ ಪುಕ್ಕಟೆ ಹೀರಿಕೊಳ್ಳಬಹುದು, ಆದರೆ ಶುದ್ಧೀಕರಿಸದ ಇಂಧನದಲ್ಲಿ ಜಂಪ್ ದಾರಿ ತಪ್ಪುವ ಅಪಾಯವಿದೆ. ಆಟ ನಡೆಸುವ ಜಿಎಂ (ಗೇಮ್ ಮಾಸ್ಟರ್) ಕಥೆ ಹೊಸೆಯುವ ಮೊದಲೇ ಲೆಕ್ಕದ ಪುಸ್ತಕ ಕಥೆ ಹೇಳಲು ಶುರು ಮಾಡುತ್ತದೆ. ಟ್ರಾವೆಲರ್ ನನಗೆ ಅಷ್ಟು ಇಷ್ಟವಾಗುವುದು ಇದಕ್ಕೇ. ಈ ಲೆಕ್ಕ ಕಿರಿಕಿರಿ ಎಂದು ಕೈಬಿಟ್ಟರೆ ಆಟದ ಬೆನ್ನೆಲುಬೇ ಹೋಗುತ್ತದೆ, ಆಗ ಬೇರೆ ಸಿಸ್ಟಮ್ ನೋಡುವುದೇ ಸರಿ.

ದಾಳದ ವಿಷಯ. ಟ್ರಾವೆಲರ್‌ನ ಮಾಂಗೂಸ್ ಪ್ರಕಾಶನದ ಆವೃತ್ತಿಯಲ್ಲಿ ಆರು ಮುಖದ ಎರಡು ದಾಳ ಎಸೆದು, ಪಾತ್ರದ ಕೌಶಲ, ಸಾಮರ್ಥ್ಯಕ್ಕೆ ಸಿಗುವ ಅಂಕ ಕೂಡಿಸಿ 8 ಮುಟ್ಟಿದರೆ ಸಾಮಾನ್ಯ ಕೆಲಸ ಆಯಿತು. ಏನೂ ಕೂಡಿಸದಿದ್ದರೆ ಗೆಲ್ಲುವ ಸಾಧ್ಯತೆ ಶೇ 42. +1 ಇದ್ದರೆ 58, +2 ಇದ್ದರೆ 72. ಕಲಿತೇ ಇರದ ಕೆಲಸಕ್ಕೆ ಮೂರು ಕಡಿತ, ಆಗ ಶೇ 8 ಮಾತ್ರ. ಪಾತ್ರ ಕಟ್ಟುವಾಗ ವೃತ್ತಿಜೀವನವನ್ನೂ ದಾಳವೇ ನಿರ್ಧರಿಸುವುದರಿಂದ, ಐವರು ಸಿದ್ಧರಾದ ಮೇಲೆ ಪೈಲಟ್ ಒಬ್ಬರೂ ಇಲ್ಲ ಎಂದು ಗೊತ್ತಾಗುವುದುಂಟು. ಕೊನೆಯಲ್ಲಿ ಗುಂಪಿಗೆಲ್ಲ ಸೇರಿ ಹಂಚಿಕೊಳ್ಳಲು ಕೊಡುವ ಕೌಶಲಗಳ ಪೊಟ್ಟಣವನ್ನು ಮರೆಯಬೇಡಿ, ಅದಿರುವುದೇ ಈ ತೂತು ಮುಚ್ಚಲು. ಪಾತ್ರ ಕಟ್ಟಲು ಒಂದು ಇಡೀ ಸಂಜೆ ಮೀಸಲಿಡಿ.

ಲೆಕ್ಕ ಬೇಡ, ಸಾಹಸ ಮಾತ್ರ ಸಾಕು ಎನ್ನುವವರಿಗೆ ಸ್ಕಮ್ ಆಂಡ್ ವಿಲನಿ. ಮೂರು ಸಿದ್ಧ ಹಡಗುಗಳಲ್ಲಿ ಒಂದನ್ನು ಆರಿಸಿದರೆ ಯಾವ ಬಗೆಯ ಕಥೆ ಎಂಬುದೂ ತೀರ್ಮಾನವಾಗುತ್ತದೆ. ಎಸೆದ ದಾಳಗಳಲ್ಲಿ ದೊಡ್ಡದನ್ನು ಮಾತ್ರ ನೋಡುವುದು: 6 ಬಂದರೆ ಪೂರ್ತಿ ಗೆಲುವು, 4 ಅಥವಾ 5 ಬಂದರೆ ಗೆಲುವಿನ ಜೊತೆ ಒಂದು ಪೆಟ್ಟು. ಈ ನಡುವಿನ ಫಲಿತಾಂಶ ಪದೇ ಪದೇ ಬರುತ್ತದೆ, ಪ್ರತಿ ಸಲವೂ ಹೊಸ ತೊಡಕು ಹುಟ್ಟಿಸಬೇಕಾದವರು ಜಿಎಂ. ಸ್ಥಳದಲ್ಲೇ ಯೋಚಿಸಿ ಹೇಳುವ ಅಭ್ಯಾಸ ಇಲ್ಲದಿದ್ದರೆ ಎರಡು ಗಂಟೆಯಲ್ಲಿ ಸುಸ್ತಾಗುತ್ತದೆ.

ಭಯವೇ ಬೇಕೆಂದರೆ ಮದರ್‌ಶಿಪ್. ಪ್ರತಿ ಸೋಲಿಗೂ ಒತ್ತಡ ಒಂದು ಅಂಕ ಏರುತ್ತದೆ. ಪ್ಯಾನಿಕ್ ಪರೀಕ್ಷೆಯಲ್ಲಿ ಇಪ್ಪತ್ತು ಮುಖದ ದಾಳ ಆ ಒತ್ತಡಕ್ಕಿಂತ ಮೇಲೆ ಬೀಳಬೇಕು. ಪಾತ್ರಗಳು ಬೇಗ ಸಾಯುತ್ತವೆ, ಮೂರ್ನಾಲ್ಕು ಕೂಟಗಳ ಆಟಕ್ಕೆ ಹೇಳಿ ಮಾಡಿಸಿದ್ದು. ಮಾಂತ್ರಿಕರೂ ಲೇಸರ್ ಬಂದೂಕೂ ಒಟ್ಟಿಗೆ ಇರಲಿ, ಲೆವೆಲ್ ಏರುತ್ತಿರಲಿ ಎಂದರೆ 2017ರ ಸ್ಟಾರ್‌ಫೈಂಡರ್ ಇದೆ. ಅದರ ಮೊದಲ ಆವೃತ್ತಿಯ ಹಡಗಿನ ಕಾಳಗ ಮಾತ್ರ ಎಳೆಯುತ್ತದೆ, ಪ್ರತಿಯೊಬ್ಬರೂ ಸರದಿ ಸರದಿಗೆ ಅದೇ ಕೆಲಸ ಮಾಡುತ್ತ ಕೂರಬೇಕು.

ಯಾವುದನ್ನೇ ಆರಿಸಿ, ಸ್ಟಾರ್ಸ್ ವಿದೌಟ್ ನಂಬರ್ ಎಂಬ ಇನ್ನೊಂದು ಬಾಹ್ಯಾಕಾಶ ಆಟದ ಉಚಿತ ಪ್ರತಿಯನ್ನು ಇಳಿಸಿಕೊಳ್ಳಿ. ಒಂದೊಂದು ಗ್ರಹಕ್ಕೂ ಎರಡೆರಡು ಲಕ್ಷಣಗಳನ್ನು ದಾಳದಿಂದ ಆರಿಸುವ ಅದರ ಪಟ್ಟಿಯಲ್ಲಿ ಶತ್ರು, ಮಿತ್ರ, ತೊಡಕು, ವಸ್ತು, ಸ್ಥಳ ಎಲ್ಲ ಸಿದ್ಧವಾಗಿವೆ. ಟ್ರಾವೆಲರ್ ಆಡುವವರಿಗೂ ಅದು ಹಾಗೇ ಒದಗುತ್ತದೆ.

ಇನ್ನೂ ಎರಡರ ನಡುವೆ ತೂಗುತ್ತಿದ್ದರೆ ಒಂದೇ ಸನ್ನಿವೇಶವನ್ನು ಎರಡರಲ್ಲೂ ಅರ್ಧರ್ಧ ಗಂಟೆ ಆಡಿ ನೋಡಿ: ದೀಪ ಆರಿದ ನಿಲ್ದಾಣ, ಬೀಗ ಬಿದ್ದ ಬಾಗಿಲು, ಹಡಗಿನಲ್ಲಿ ಒಂದೇ ಜಂಪ್‌ಗಾಗುವಷ್ಟು ಇಂಧನ. ಆಟಗಾರರು ಯಾವುದರಲ್ಲಿ ನಿಯಮ ಕೇಳುವುದನ್ನು ಬಿಟ್ಟು ಬಾಗಿಲಿನ ಬಗ್ಗೆ ಮಾತಾಡಲು ಶುರು ಮಾಡುತ್ತಾರೋ ಗಮನಿಸಿ. ಟ್ರಾವೆಲರ್ ಎಂದಾದರೆ ಲೆಕ್ಕದ ಪುಸ್ತಕವನ್ನು ಜಿಎಂ ಇಟ್ಟುಕೊಳ್ಳದೆ ಆಟಗಾರರಲ್ಲಿ ಒಬ್ಬರಿಗೆ ಒಪ್ಪಿಸಲಿ.