ತೊಳೆದ ಕಾಲು ತಗೊಂಡು ಹೋಗಿದ್ದೆ

ಪವಿತ್ರ ಗುರುವಾರದ (ಈಸ್ಟರ್ ಹಬ್ಬದ ಹಿಂದಿನ ಗುರುವಾರ, ಯೇಸುಸ್ವಾಮಿ ಕಡೀ ಊಟದಾಗ ಶಿಷ್ಯರ ಕಾಲು ತೊಳೆದ ನೆನಪಿನ ದಿನ) ಸಂಜಿ ಪೂಜೆಯೊಳಗ ಕಾಲು ತೊಳಿಸ್ಕೊಳ್ಳೋ ಹನ್ನೆರಡು ಮಂದಿ ಪೈಕಿ ಈ ಸಲ ನನ್ನ ಹೆಸರೂ ಇತ್ತು. ಕಲಬುರಗಿ ಬಿಸಿಲು ನಿಮಗ ಗೊತ್ತೇ ಅದ, ಮನಿಯಿಂದ ಚೌಕದ ತನಕ ನಡೆದ್ರೂ ಕಾಲೆಲ್ಲ ಧೂಳು, ಹಿಮ್ಮಡಿ ಒಡೆದು ಸೀಳು ಬಿಟ್ಟಿರ್ತದ, ಅದಕ್ಕ ಮಧ್ಯಾಹ್ನನೇ ಬಚ್ಚಲದಾಗ ಕುಂತು ಅರ್ಧ ತಾಸು ಕಲ್ಲಿಲೆ ತಿಕ್ಕಿ, ಉಗುರು ತೆಗೆದು, ವ್ಯಾಸಲಿನ್ ಹಚ್ಚಿ, ಹೊಸ ಸಾಕ್ಸ್ ಹಾಕೊಂಡೆ. ಹೊರಸಿನ ಮ್ಯಾಲೆ ಕುಂತು ಅಪ್ಪ ಎಲ್ಲಾ ನೋಡ್ತಿದ್ದ. "ತೊಳೆದ ಕಾಲು ತೊಳ್ಯಾಕ ಸ್ವಾಮಿ ಯಾಕ ಬರಬೇಕೋ ತಮ್ಮಾ" ಅಂದ.

ಟೈಮ್ ಆಗಿತ್ತು, ನಾ ಹೊಂಟೆ. ಚರ್ಚಿನ್ಯಾಗ ಫಾದರ್ ಪೂಜೆಯ ಮೇಲಂಗಿ ತೆಗೆದಿಟ್ಟು ಸೊಂಟಕ್ಕ ಟವೆಲ್ ಕಟ್ಕೊಂಡು ನೆಲಕ್ಕ ಮೊಣಕಾಲೂರಿ ಒಬ್ಬೊಬ್ಬರ ಕಾಲಿಗೂ ನೀರು ಹಾಕಿ ಒರೆಸಿ ಮುತ್ತು ಕೊಟ್ಟು ಮುಂದ ಹೋದ್ರು. ನಾ ಕಡೀಕ ಕುಂತಿದ್ದೆ, ಬೋಗಣಿ ನನ್ನ ಮುಂದ ಬಂದಾಗ ಒಳಗ ಕಣ್ಣು ಹೋಯ್ತು. ನೀರು ತಿಳಿಯಾಗೇ ಇತ್ತು. ಹನ್ನೊಂದು ಮಂದಿ ಕಾಲು ತೊಳೆದ ನೀರು, ತಳ ಕಾಣಸ್ತಿತ್ತು. ಎಲ್ಲರೂ ನನ್ನಂಗೇ ಮನಿಯೊಳಗ ತಿಕ್ಕೊಂಡು ಬಂದಿದ್ರು.

ನಮ್ಮ ಅಪ್ಪ ಶಹಾಬಾದ್ ಕಡಿ ಕಲ್ಲಿನ ಖಣಿಯೊಳಗ ಫರ್ಸಿ ಒಡೆಯೋ ಕೆಲಸ ಮಾಡಿದವ. ಸಂಜಿಗೆ ಬಂದಾಗ ಮೊಣಕಾಲ ತನಕ ಕಲ್ಲಿನ ಪುಡಿ. ಅವ್ವ ಚರಿಗಿ ನೀರು ಇಡ್ತಿದ್ಲು, ತೊಳಕೊಂಡ ನೀರು ಅಂಗಳದಾಗ ಹಾಲಿನಂಗ ಬೆಳ್ಳಗ ಹರಿದು ಹೋಗ್ತಿತ್ತು. ನಮ್ಮ ಭಾಗದಾಗ ಯಾರೇ ಬರಲಿ ಮೊದಲು ಕಾಲಿಗೆ ನೀರು ಕೊಡೋದು ಪದ್ಧತಿ, ಕೊಡಲಿಲ್ಲ ಅಂದ್ರ ಅವಮಾನ. ಯೇಸುಸ್ವಾಮಿ ಕಾಲದಾಗೂ ಹಂಗೇ, ಬೈಬಲಿನ್ಯಾಗ ಲೂಕನ ಶುಭಸಂದೇಶದ ಏಳನೇ ಅಧ್ಯಾಯದಾಗ ಊಟಕ್ಕ ಕರೆದ ಸಿಮೋನನಿಗೆ ಸ್ವಾಮಿ ನೇರ ಕೇಳ್ತಾರ, ನಿನ್ನ ಮನಿಗೆ ಬಂದೆ, ನೀ ನನ್ನ ಕಾಲಿಗೆ ನೀರು ಕೊಡಲಿಲ್ಲ ಅಂತ. ಆದ್ರ ನೀರು ಕೊಡೋದು ಬ್ಯಾರೆ, ಮಂದಿ ಕಾಲು ಕೈಯಾಗ ಹಿಡಕೊಂಡು ತೊಳ್ಯೋದು ಬ್ಯಾರೆ. ಅದು ಆಳಿನ ಕೆಲಸ ಇತ್ತು.

ಯೊವಾನ್ನನ 13ನೇ ಅಧ್ಯಾಯ ನಿಧಾನಕ್ಕ ಓದ್ರಿ. ಊಟ ನಡೆದಾಗ ಸ್ವಾಮಿ ಎದ್ದು ಮೇಲಂಗಿ ತೆಗೆದಿಡ್ತಾರ, ತೊಳೆದಾದ ಮ್ಯಾಲೆ ಮತ್ತ ತಗೊಂಡು ಹಾಕೋತಾರ. ಇಲ್ಲಿ 'ತೆಗೆದಿಡು', 'ತಗೊ' ಅನ್ನೋದಕ್ಕ ಇರೋ ಗ್ರೀಕ್ ಪದಗಳೇ 10ನೇ ಅಧ್ಯಾಯದಾಗ ಸ್ವಾಮಿ ತಮ್ಮನ್ನೇ ಒಳ್ಳೆ ಕುರಿಗಾಹಿ ಅಂತ ಕರಕೊಂಡು ಪ್ರಾಣ ಕೊಟ್ಟು ಮತ್ತ ಪಡಕೊಳ್ಳೋ ಮಾತಿನ್ಯಾಗೂ ಅವ. ಇದು ತಿಳಿದ ದಿನದಿಂದ ಆ ಟವೆಲ್ ನನಗ ಶಿಲುಬೆ ಜೊತೀಗೇ ಕಾಣಸ್ತದ. ಸ್ವಾಮಿನ್ನ ಹಿಡಿದುಕೊಟ್ಟ ಶಿಷ್ಯ ಯೂದನ ಕಾಲೂ ಅವತ್ತು ತೊಳದಾರ, ಅವ ಎದ್ದು ಹೊರಗ ಹೋಗಿದ್ದು ಆಮ್ಯಾಲೆ. ಮತ್ತ ಲೂಕ ಬರೀತಾನ, ಅದೇ ರಾತ್ರಿ ಅದೇ ಊಟದಾಗ ಶಿಷ್ಯರು ನಮ್ಮೊಳಗ ಯಾರು ದೊಡ್ಡವರು ಅಂತ ಜಗಳಾಡಿದ್ರು.

ಆ ಜಗಳ ನನಗ ದೂರದ್ದು ಅನಸಂಗಿಲ್ಲ. ಹೋದ ವರ್ಷ ಚರ್ಚ್ ಕಮಿಟಿ ಮೀಟಿಂಗಿನ್ಯಾಗ ಹಬ್ಬದ ಕಾರ್ಡಿನ ಮ್ಯಾಲೆ ಯಾರ ಹೆಸರು ಮೊದಲು ಬರಬೇಕಂತ ಒಂದು ತಾಸು ವಾದ ಆತು, ನಾನೂ ದನಿ ಏರಿಸಿದ್ದೆ, ಆ ಮಾತು ನೆನೆಸಿದ್ರ ಈಗಲೂ ಹೊಟ್ಟ್ಯಾಗ ಸಂಕಟ ಆಗ್ತದ.

ಇನ್ನೊಂದು ಮಾತು ಹೇಳಲೇಬೇಕು. ಈ ಕಾಲು ತೊಳ್ಯೋದು ಕಥೋಲಿಕ ಸಭೆಯ 1955ರ ಸುಧಾರಣೆ ಆದ ಮ್ಯಾಲೆ ಗುರುವಾರದ ಸಂಜಿ ಪೂಜೆಯೊಳಗ ಸೇರ್ತು, ನಿಯಮದಾಗ ಗಂಡಸರಷ್ಟೇ ಇದ್ರು, 2016ರಾಗ ಪೋಪ್ ಫ್ರಾನ್ಸಿಸ್ ಅದನ್ನ ಬದಲಿಸಿ ಹೆಂಗಸರಿಗೂ ಜಾಗ ಕೊಟ್ರು. ಅಂದ್ರ ಆ ಕುರ್ಚಿ ಮ್ಯಾಲೆ ನನ್ನ ಹೆಂಡತಿ ಕುಂದ್ರಬಹುದಿತ್ತು. ನಮ್ಮ ಮನಿಯಿಂದ ಒಬ್ಬರು ಅಂತ ಫಾದರ್ ಕೇಳಿದಾಗ ನಾ ಅಕಿ ಮುಖನೂ ನೋಡಲಾರದೆ ಹೂಂ ಅಂದುಬಿಟ್ಟಿದ್ದೆ.

ಅಪ್ಪನಿಗೆ ಸಕ್ಕರಿ ಕಾಯಿಲೆ, ಎಡಗಾಲಿನ ಗಾಯ ಎರಡು ವರ್ಷದಿಂದ ಮಾಯ್ತದ, ಮತ್ತ ಬಾಯಿ ಬಿಡ್ತದ. ದಿನಾ ರಾತ್ರಿ ಅಕಿನೇ ಕಾಲು ತೊಳೆದು ಡ್ರೆಸ್ಸಿಂಗ್ ಮಾಡ್ತಾಳ. ಅಪ್ಪನ ಪಾದಕ್ಕ ಬಿಸಿ ಗೊತ್ತಾಗಂಗಿಲ್ಲ, ಅದಕ್ಕ ನೀರು ಎಷ್ಟು ಬೆಚ್ಚಗ ಅದ ಅಂತ ಮೊದಲು ತನ್ನ ಮೊಣಕೈ ಇಟ್ಟು ನೋಡ್ತಾಳ. ಬೆರಳ ಸಂದಿ ಹಸಿ ಉಳಿದ್ರ ಮತ್ತ ಹುಣ್ಣು ಅಂತ ಒಂದೊಂದೇ ಒರಸ್ತಾಳ. ವಾಸನಿ ಬರ್ತದಂತ ನಾ ಆ ಹೊತ್ತಿಗೆ ಹೊರಗ ಹೋಗ್ತಿದ್ದೆ, ಇದನ್ನ ಬರೆಯೋವಾಗ ನಾಚಿಕಿ ಆಗ್ತದ. ನಾ ನಿಮ್ಮ ನಡುವೆ ಸೇವೆ ಮಾಡೋನಾಗಿ ಇದ್ದೀನಿ ಅಂತ ಸ್ವಾಮಿ ಆ ರಾತ್ರಿ ಹೇಳಿದ್ರಲ್ಲ, ಆ ಮಾತು ನಮ್ಮ ಮನಿಯೊಳಗ ದಿನಾ ರಾತ್ರಿ ಒಂಬತ್ತಕ್ಕ ನಡೀತಿತ್ತು, ನಾ ಓಣಿಯೊಳಗ ನಿಂತು ಫೋನ್ ನೋಡ್ತಿದ್ದೆ.

ಪೂಜೆ ಮುಗಿಸಿ ಬಂದ ರಾತ್ರಿ ಸಾಕ್ಸ್ ತೆಗೆದು ಬೋಗಣಿ ನಾನೇ ತಂದೆ. ಮೊಣಕೈ ಇಟ್ಟು ನೋಡಿದೆ. ಅಪ್ಪ ಕಾಲು ಹಿಂದಕ್ಕ ಎಳಕೊಂಡ, "ನೀ ಬ್ಯಾಡ, ಬಿಡು, ಸೊಸಿ ಮಾಡ್ತಾಳ" ಅಂದ. ಆ ರಾತ್ರಿ ಶಿಷ್ಯ ಪೇತ್ರನೂ ಸ್ವಾಮಿಗೆ ಇದನ್ನೇ ಅಂದಿದ್ದ, ನೀವು ನನ್ನ ಪಾದ ಎಂದಿಗೂ ತೊಳೀಬಾರದು ಅಂತ. ನಾ ಏನೂ ಹೇಳಲಿಲ್ಲ, ಅಲ್ಲೇ ಫರ್ಸಿ ಮ್ಯಾಲೆ ಕುಂತೆ. ಹೆಂಡತಿ ಬಂದು ಬ್ಯಾಂಡೇಜ್ ಹೆಂಗ ಬಿಚ್ಚಬೇಕು ಅಂತ ತೋರಿಸಿದ್ಲು. ಗಾಯದ ಕಾಲು ಆದ ಮ್ಯಾಲೆ ಅಪ್ಪ ಸ್ವಲ್ಪ ಹೊತ್ತು ಗೋಡಿ ಕಡಿ ನೋಡ್ಕೋತ ಕುಂತ, ಆಮ್ಯಾಲೆ ಇನ್ನೊಂದು ಕಾಲು ತಾನೇ ನೀರಿನ್ಯಾಗ ಇಟ್ಟ.